ಆಕಾಶದಲ್ಲಿ ಲಕ್ಷ, ಕೊಂಬೆಯಲ್ಲಿ ಎಷ್ಟು? ಈರಿ ಸರೋವರದ ದಂಡೆಯಲ್ಲಿ ಬರ್ಡ್‌ಕಾಸ್ಟ್

ಮೇ ತಿಂಗಳ ಶುಕ್ರವಾರ, ರಾತ್ರಿ ಹನ್ನೊಂದು ಗಂಟೆ. ಫೋನಿನಲ್ಲಿ, ರಾತ್ರಿ ವಲಸೆ ಹಾರುವ ಹಕ್ಕಿಗಳ ಅಂದಾಜು ಕೊಡುವ ಬರ್ಡ್‌ಕಾಸ್ಟ್ ಜಾಲತಾಣದ ಓಹಾಯೊ ನಕ್ಷೆ ಹಳದಿಗೆ ತಿರುಗಿದೆ, ಬಾಣಗಳೆಲ್ಲ ಉತ್ತರಕ್ಕೆ ಮುಖ ಮಾಡಿವೆ, ಲೂಕಸ್ ಕೌಂಟಿಯ ಮೇಲೆ ಹಾರುತ್ತಿರುವ ಹಕ್ಕಿಗಳ ಅಂದಾಜು ಲಕ್ಷ ದಾಟಿದೆ. ಅಲಾರಂ ಇಟ್ಟು ಮಲಗಿ, ನಾಲ್ಕೂವರೆಗೆ ಎದ್ದು, ಮಿಶಿಗನ್‌ನ ನೋವೈನಿಂದಲೋ ಕ್ಯಾಂಟನ್‌ನಿಂದಲೋ ಒಂದೂವರೆ ಗಂಟೆ ಕಾರು ಓಡಿಸಿಕೊಂಡು ಸರೋವರದ ದಂಡೆಗೆ ಬಂದವರಿಗೆ ಕೆಲವು ದಿನ ಹಬ್ಬದೂಟ. ಕೆಲವು ದಿನ ನಾಲ್ಕು ಯೆಲ್ಲೊ ವಾರ್ಬ್ಲರ್ (ವಾರ್ಬ್ಲರ್ ಎಂದರೆ ಪುಟ್ಟ ಹಾಡುಹಕ್ಕಿ) ಮತ್ತು ನಾನೂರು ಜನರ ಬೆನ್ನು. ಹಾಗಾದರೆ ಬರ್ಡ್‌ಕಾಸ್ಟ್ ಸುಳ್ಳು ಹೇಳಿತೇ? ಇಲ್ಲ. ಅದು ಹೇಳಿದ್ದು ಒಂದು, ನಾವು ಕೇಳಿಸಿಕೊಂಡದ್ದು ಇನ್ನೊಂದು.

ಈ ವಿಮರ್ಶೆ ಆ ಉಚಿತ ಸೇವೆಯದು. ಎಲ್ಲ ಊರಿನ ಬಳಕೆಗಲ್ಲ. ಟೊಲೆಡೊದಿಂದ ಪೋರ್ಟ್ ಕ್ಲಿಂಟನ್‌ವರೆಗಿನ ಈರಿ ಸರೋವರದ ಅಂಚಿನಲ್ಲಿ, ವಸಂತದಲ್ಲಿ, ಅದು ಎಷ್ಟು ಕೆಲಸಕ್ಕೆ ಬರುತ್ತದೆ ಎಂಬಷ್ಟಕ್ಕೆ. ಅಂಕ ಮೊದಲೇ ಹೇಳಿಬಿಡುವುದು ಒಳ್ಳೆಯದು. ಯಾವ ರಾತ್ರಿ ಹಕ್ಕಿಗಳು ಹಾರುತ್ತವೆ ಎಂದು ತಿಳಿಯಲು 5ಕ್ಕೆ 5. ಬೆಳಗ್ಗೆ ಯಾವ ಮರದಲ್ಲಿ ಸಿಗುತ್ತವೆ ಎಂದು ತಿಳಿಯಲು 5ಕ್ಕೆ 2. ಈ ಎರಡು ಅಂಕಗಳ ನಡುವಿನ ಮೂರನ್ನು ತುಂಬಿಕೊಳ್ಳುವುದು ಬಳಸುವವರ ಕೈಯಲ್ಲಿದೆ, ಅದಕ್ಕೆ ಬೇಕಾದದ್ದು ಗಾಳಿಯ ಓದು.

ಕಾರ್ನೆಲ್ ಪಕ್ಷಿ ಪ್ರಯೋಗಾಲಯ, ಕೊಲೊರಾಡೊ ಸ್ಟೇಟ್ ವಿಶ್ವವಿದ್ಯಾಲಯ, ಆಮ್‌ಹರ್ಸ್ಟ್‌ನ ಮ್ಯಾಸಚೂಸೆಟ್ಸ್ ವಿಶ್ವವಿದ್ಯಾಲಯ ಸೇರಿ ನಡೆಸುವ ಯೋಜನೆ ಇದು. ಅಮೆರಿಕದ ಹವಾಮಾನ ಇಲಾಖೆಯ 143 ರಾಡಾರ್‌ಗಳು ಮಳೆ ನೋಡಲೆಂದು ಇರುವವು. ರಾತ್ರಿ ಆಕಾಶದಲ್ಲಿ ಹಾರುವ ಹಕ್ಕಿಗಳೂ ಅವುಗಳಲ್ಲಿ ಬಿಂಬಿಸುತ್ತವೆ. 23 ವರ್ಷಗಳ ವಸಂತದ ರಾಡಾರ್ ದಾಖಲೆಯನ್ನು ಆಯಾ ದಿನದ ತಾಪಮಾನ, ಗಾಳಿ, ಒತ್ತಡಗಳ ಜೊತೆ ತಾಳೆ ನೋಡಿ, ಮುಂದಿನ ರಾತ್ರಿಗಳ ಮುನ್ಸೂಚನೆ ಕೊಡುವ ಮಾದರಿ ಕಟ್ಟಿದ್ದಾರೆ. ನೋಡುವವರಿಗೆ ಸಿಗುವುದು ಮೂರು ಪುಟ. ಮೂರು ರಾತ್ರಿಗಳ ಮುನ್ಸೂಚನೆ ನಕ್ಷೆ. ಸೂರ್ಯಾಸ್ತದಿಂದ ಸೂರ್ಯೋದಯದವರೆಗೆ ಓಡುವ ಲೈವ್ ನಕ್ಷೆ. ಕೌಂಟಿವಾರು ಲೆಕ್ಕ ತೋರಿಸುವ ಡ್ಯಾಶ್‌ಬೋರ್ಡ್. ದುಡ್ಡಿಲ್ಲ, ಬೇರೆ ಆ್ಯಪ್ ಹಾಕಿಕೊಳ್ಳಬೇಕಿಲ್ಲ, ಫೋನಿನ ಬ್ರೌಸರ್ ಸಾಕು.

ಮುನ್ಸೂಚನೆ ನಕ್ಷೆ ಆರು ಗಂಟೆಗೊಮ್ಮೆ ಬದಲಾಗುತ್ತದೆ. ಸೂರ್ಯ ಮುಳುಗಿದ ಮೂರು ಗಂಟೆಯ ಮೇಲೆ ಆಕಾಶ ಹೇಗಿರುತ್ತದೆ ಎಂಬುದನ್ನಷ್ಟೇ ಅದು ಹೇಳುತ್ತದೆ. ಮೇ ನಡುವಿನಲ್ಲಿ ಇಲ್ಲಿ ಸೂರ್ಯ ಮುಳುಗುವುದು ಎಂಟೂಮುಕ್ಕಾಲರ ಸುಮಾರಿಗೆ. ಅಂದರೆ ನಕ್ಷೆಯ ಮಾತು ರಾತ್ರಿ ಹನ್ನೆರಡರ ಹತ್ತಿರದ್ದು, ಬೆಳಗಿನ ಜಾವದ್ದಲ್ಲ. ಮೊದಲ ಸಲ ಬಳಸುವವರು ಎಡವುವ ಇನ್ನೊಂದು ಜಾಗ ದಿನಾಂಕ. ನಕ್ಷೆಯ ಮೇಲಿರುವುದು ಆ ಸಂಜೆಯ ದಿನಾಂಕ. ಶನಿವಾರ ಬೆಳಗ್ಗೆ ಹೋಗುವವರು ನೋಡಬೇಕಾದದ್ದು ಶುಕ್ರವಾರದ ನಕ್ಷೆ. ಶನಿವಾರದ ನಕ್ಷೆ ನೋಡಿಕೊಂಡು ಶನಿವಾರ ಹೊರಡುವವರು ಕಮ್ಮಿಯೇನಿಲ್ಲ.

ಲೈವ್ ನಕ್ಷೆಯಲ್ಲಿ ಪೂರ್ವದಿಂದ ಪಶ್ಚಿಮಕ್ಕೆ ಸರಿಯುವ ಕೆಂಪು ಗೆರೆ ಸೂರ್ಯಾಸ್ತ, ಹಳದಿ ಗೆರೆ ಸೂರ್ಯೋದಯ. ಹಸಿರು ಚುಕ್ಕೆ ಇದ್ದ ರಾಡಾರ್ ಮಾಹಿತಿ ಕೊಡುತ್ತಿದೆ, ಕೆಂಪು ಚುಕ್ಕೆಯದು ಕೊಡುತ್ತಿಲ್ಲ. ಬಣ್ಣ ನೋಡುವ ಮೊದಲು ಈ ಚುಕ್ಕೆ ನೋಡಿ. ಕ್ಲೀವ್‌ಲ್ಯಾಂಡ್ ಚುಕ್ಕೆ ಕೆಂಪಾಗಿದ್ದರೆ ನಿಮ್ಮ ದಂಡೆಯ ಲೆಕ್ಕ ಡೆಟ್ರಾಯಿಟ್ ಕಡೆಯಿಂದ ಎಳೆದು ತಂದದ್ದು ಎಂದೇ ಇಟ್ಟುಕೊಳ್ಳಿ.

ಈಗ ಸರೋವರದ ಕಡೆಗೆ. ಈ ದಂಡೆಯಲ್ಲಿ ಹಕ್ಕಿ ನೋಡುವವರು ಸೇರುವ ಮ್ಯಾಗಿ ಮಾರ್ಷ್ ಓಹಾಯೊ ರಾಜ್ಯದ ವನ್ಯಜೀವಿ ವಿಭಾಗದ್ದು, ಪಕ್ಕದ ಒಟ್ಟಾವಾ ಅಭಯಾರಣ್ಯ ಕೇಂದ್ರ ಸರ್ಕಾರದ್ದು. ಒಂದು ಕಾಲದಲ್ಲಿ ಇಲ್ಲೆಲ್ಲ ಗ್ರೇಟ್ ಬ್ಲ್ಯಾಕ್ ಸ್ವಾಂಪ್ ಎಂಬ ಜೌಗು ಕಾಡಿತ್ತು. 19ನೇ ಶತಮಾನದ ಉತ್ತರಾರ್ಧದಲ್ಲಿ ನೀರು ಬಸಿದು ಹೊಲ ಮಾಡಿದರು. ಈಗ ದಕ್ಷಿಣಕ್ಕೆ ಕಣ್ಣು ಹಾಯಿಸಿದಷ್ಟೂ ಮುಸುಕಿನ ಜೋಳ, ಸೋಯಾ. ರಾತ್ರಿಯೆಲ್ಲ ಹಾರಿ ದಣಿದ ಹಕ್ಕಿಗೆ ಬೆಳಕು ಹರಿಯುವಾಗ ಕೆಳಗೆ ಕಾಣುವುದು ಬೋಳು ಹೊಲ, ಮುಂದೆ ಕಾಣುವುದು ನೀರು, ನಡುವೆ ದಂಡೆಯ ದಿಬ್ಬದ ಮೇಲೆ ಒಂದು ತುಂಡು ಕಾಡು. ಇಳಿಯದೆ ಏನು ಮಾಡೀತು? ಆ ತುಂಡು ಕಾಡಿನೊಳಗೆ ಸುತ್ತಿ ಬರುವ, ಹತ್ತಿರ ಹತ್ತಿರ ಒಂದು ಮೈಲಿ ಉದ್ದದ ಹಲಗೆ ಹಾದಿಯೇ ಪ್ರಸಿದ್ಧ ಬೋರ್ಡ್‌ವಾಕ್. ಬೇ-ಬ್ರೆಸ್ಟೆಡ್ ವಾರ್ಬ್ಲರ್ ಕಟಕಟೆಯಿಂದ ಒಂದು ಮೊಳ ದೂರದ ಕೊಂಬೆಯಲ್ಲಿ, ಜನರ ಕಡೆ ತಿರುಗಿಯೂ ನೋಡದೆ, ಎಲೆಯ ಅಡಿಯಿಂದ ಹಸಿರು ಹುಳು ಎಳೆದು ಕೊಂಬೆಗೆ ಎರಡು ಸಲ ಬಡಿದು ನುಂಗುವುದನ್ನು ದುರ್ಬೀನಿಲ್ಲದೆಯೇ ನೋಡಬಹುದು. ಅಷ್ಟು ಹಸಿವು. ಇಂಥ ಬಹುಪಾಲು ವಾರ್ಬ್ಲರ್‌ಗಳ ತೂಕ ಹತ್ತು ಗ್ರಾಂ ಆಸುಪಾಸು, ಎರಡು ಕ್ವಾರ್ಟರ್ ನಾಣ್ಯ ಅಂಗೈಯಲ್ಲಿಟ್ಟಷ್ಟು.

ಆದರೆ ಸರೋವರ ಇವುಗಳಿಗೆ ದಾಟಲಾಗದ ಗೋಡೆಯಲ್ಲ. ಮ್ಯಾಗಿಯಿಂದ ಉತ್ತರಕ್ಕೆ, ತುಸು ಪೂರ್ವಕ್ಕೆ ವಾಲಿ, ಕೆನಡಾದ ದಂಡೆ 45 ಕಿ.ಮೀ. ಆಸುಪಾಸು, ಈಶಾನ್ಯದ ಪಾಯಿಂಟ್ ಪೆಲೀ 65 ಕಿ.ಮೀ. ಸುಮಾರು. ಬೆನ್ನ ಹಿಂದೆ ತೆಂಕಣ ಗಾಳಿ ಇದ್ದರೆ ಒಂದು ಗಂಟೆಯ ಚಿಲ್ಲರೆ ಕೆಲಸ. ಎಲ್ಲ ಗೊಂದಲದ ಬೇರು ಇರುವುದು ಇಲ್ಲೇ. ಬರ್ಡ್‌ಕಾಸ್ಟ್ ಎಣಿಸುವುದು ಹಾರುತ್ತಿರುವ ಹಕ್ಕಿಯನ್ನು. ಬೋರ್ಡ್‌ವಾಕ್‌ನಲ್ಲಿ ನಮಗೆ ಬೇಕಾದದ್ದು ಹಾರುವುದನ್ನು ನಿಲ್ಲಿಸಿದ ಹಕ್ಕಿ. ಹಾರಾಟಕ್ಕೆ ಅಡ್ಡಿಯೇ ಇಲ್ಲದ ರಾತ್ರಿ ಸೇವೆಯ ಸಂಖ್ಯೆ ಮುಗಿಲು ಮುಟ್ಟುತ್ತದೆ. ನಿನ್ನೆ ಬಂದು ತಂಗಿದ್ದವೂ ಎದ್ದು ಹೋಗುತ್ತವೆ, ಇಂದು ಬಂದವುಗಳಲ್ಲಿ ಬಹಳಷ್ಟು ಕತ್ತಲಲ್ಲೇ ಸರೋವರ ದಾಟುತ್ತವೆ, ಬೆಳಗಿನ ಜಾವ ದಂಡೆಗೆ ತಲುಪಿದವು ಮಾತ್ರ ಇಳಿಯುತ್ತವೆ. ಅದೂ ಕೆಟ್ಟ ಬೆಳಗಲ್ಲ, ಹೊಸ ಜಾತಿಗಳು ಸಿಗುತ್ತವೆ. ಆದರೆ ನಕ್ಷೆಯ ಬಣ್ಣ ಆಸೆ ಹುಟ್ಟಿಸಿದಷ್ಟು ಅಲ್ಲ.

ನಿಜವಾದ ಹಬ್ಬ ಆಗುವುದು ಹಾರಾಟ ಅರ್ಧಕ್ಕೆ ಮುರಿದಾಗ. ಸಂಜೆ ಬೆಚ್ಚಗಿನ ನೈರುತ್ಯ ಗಾಳಿ. ಕೆಂಟಕಿ, ದಕ್ಷಿಣ ಓಹಾಯೊ ಕಡೆಯಿಂದ ಹಕ್ಕಿಗಳು ಧಾರಾಳವಾಗಿ ಎದ್ದಿವೆ. ನಡುರಾತ್ರಿ ಕಳೆದ ಮೇಲೆ ಪಶ್ಚಿಮದಿಂದ ಶೀತ ಗಾಳಿಯ ಮುಂಚೂಣಿ ಬಂದು, ಗಾಳಿ ವಾಯವ್ಯಕ್ಕೆ ತಿರುಗಿ, ಮಳೆ ಹಿಡಿಯುತ್ತದೆ. ಆಕಾಶದಲ್ಲಿದ್ದದ್ದೆಲ್ಲ ಸಿಕ್ಕಿದ ಮರಕ್ಕೆ ಇಳಿಯಬೇಕು. ಇದು ಡ್ಯಾಶ್‌ಬೋರ್ಡ್‌ನಲ್ಲಿ ಹೇಗೆ ಕಾಣುತ್ತದೆ ಎಂಬುದನ್ನು ಕಲಿತುಕೊಳ್ಳಿ, ಅದೊಂದೇ ಈ ಸೇವೆಯ ಅರ್ಧ ಬೆಲೆ. ಸಾಮಾನ್ಯ ರಾತ್ರಿಯ ಗೆರೆ ಹತ್ತು ಗಂಟೆಗೆ ಏರಿ, ಹನ್ನೆರಡರ ಸುಮಾರಿಗೆ ತುದಿ ಮುಟ್ಟಿ, ಬೆಳಗಿನವರೆಗೆ ಗುಡ್ಡದ ಇಳಿಜಾರಿನಂತೆ ನಿಧಾನಕ್ಕೆ ಇಳಿಯುತ್ತದೆ. ಮುರಿದ ರಾತ್ರಿಯ ಗೆರೆ ಎರಡು ಗಂಟೆಗೋ ಮೂರು ಗಂಟೆಗೋ ಕಡಿದು ಬಿದ್ದಂತೆ ಕೆಳಗಿಳಿಯುತ್ತದೆ. ಎದ್ದ ಕೂಡಲೇ ಹಾಸಿಗೆಯಲ್ಲೇ ಅದನ್ನು ನೋಡಿ. ಕಡಿದ ಗೆರೆ ಕಂಡರೆ ಕಾಫಿ ಫ್ಲಾಸ್ಕಿಗೆ ಹಾಕಿಕೊಂಡು ಹೊರಡಿ, ಕುಡಿಯುತ್ತ ಕೂರಬೇಡಿ.

ಇಲ್ಲೊಂದು ವಿಚಿತ್ರವಿದೆ. ಮಳೆ ಮತ್ತು ಹಕ್ಕಿಯನ್ನು ಬೇರ್ಪಡಿಸಲು ಬರ್ಡ್‌ಕಾಸ್ಟ್‌ನವರು ಮಿಸ್ಟ್‌ನೆಟ್ ಎಂಬ ಯಂತ್ರ ಕಲಿಕೆಯ ತಂತ್ರಾಂಶ ಬಳಸುತ್ತಾರೆ. ಒಳ್ಳೆಯ ಕೆಲಸವನ್ನೇ ಮಾಡುತ್ತದೆ. ಆದರೆ ಜೋರು ಮಳೆ ಇರುವ ಕಡೆ ಮಳೆಯ ಬಿಂಬವನ್ನು ಕಿತ್ತು ಹಾಕುವಾಗ ಅದರ ನಡುವಿನ ಹಕ್ಕಿಯ ಲೆಕ್ಕವೂ ಹೋಗುತ್ತದೆ. ನಕ್ಷೆಯ ಆ ಜಾಗ ಕಪ್ಪಾಗಿ ಉಳಿಯುತ್ತದೆ. ‘ಇಲ್ಲೇನೂ ಇಲ್ಲ’ ಎಂದು ಓದಿಕೊಂಡರೆ ವರ್ಷದ ಅತಿ ಒಳ್ಳೆಯ ಬೆಳಗನ್ನು ಮನೆಯಲ್ಲಿ ಮಲಗಿ ಕಳೆಯುತ್ತೀರಿ. ಹಕ್ಕಿ ಸುರಿಯುವ ರಾತ್ರಿಯಲ್ಲೇ ಸೇವೆಯ ಕಣ್ಣು ಮಂಜಾಗುವುದು ಅದರ ದೊಡ್ಡ ಕೊರತೆ. ಕೊರತೆ ಎನ್ನುವುದಕ್ಕಿಂತ ರಾಡಾರ್‌ನ ಮಿತಿ ಎನ್ನಬೇಕು. ಪುಟದಲ್ಲಿ ಇನ್ನಷ್ಟು ಎದ್ದು ಕಾಣುವಂತೆ ಅದನ್ನು ಹೇಳಬಹುದಿತ್ತು.

ಮುಂಚೂಣಿ ಹಾದುಹೋದ ಮೇಲಿನ ದಿನಗಳನ್ನೂ ಜನ ತಪ್ಪಾಗಿ ಓದುತ್ತಾರೆ. ಬಡಗಣ ಗಾಳಿ ಎರಡು ಮೂರು ದಿನ ಬಿಡದೆ ಬೀಸುತ್ತದೆ, ಡ್ಯಾಶ್‌ಬೋರ್ಡ್ ‘ಕಡಿಮೆ’ ಎನ್ನುತ್ತದೆ. ಸರಿಯೇ, ಯಾವುದೂ ಹಾರುತ್ತಿಲ್ಲ. ಹಾರುತ್ತಿಲ್ಲವೆಂದರೆ ಹೋಗಿಯೂ ಇಲ್ಲ! ಮೊದಲ ಬೆಳಗ್ಗೆ ಬಂದವು ಅಲ್ಲೇ ಸಿಕ್ಕಿಕೊಂಡಿವೆ. ಎರಡನೆಯ ದಿನವೂ ಚೆನ್ನಾಗಿರುತ್ತದೆ. ಮೂರನೆಯ ದಿನದ ಹೊತ್ತಿಗೆ ಅವು ಆಹಾರ ಹುಡುಕುತ್ತ ಹರಡಿಕೊಳ್ಳುವುದರಿಂದ ತುಸು ತೆಳುವಾಗುತ್ತದೆ. ಈಶಾನ್ಯದಿಂದ ನೀರ ಮೇಲೆ ಹಾದು ಬರುವ ತಣ್ಣನೆ ಗಾಳಿಯ ದಿನ ಹುಳುಗಳು ಮರದ ತುದಿ ಬಿಟ್ಟು ಕೆಳಗೆ, ಗಾಳಿ ತಾಗದ ಮಗ್ಗುಲಿಗೆ ಸೇರುತ್ತವೆ, ಹಕ್ಕಿಗಳೂ ಹಿಂದೆಯೇ. ಕತ್ತು ನೋಯದಂತೆ, ಎದೆಮಟ್ಟದಲ್ಲಿ ಬ್ಲ್ಯಾಕ್‌ಬರ್ನಿಯನ್ ವಾರ್ಬ್ಲರ್ ನೋಡಬೇಕೆಂದರೆ ಇಂಥ ದಿನವೇ ಆಗಬೇಕು. ಜಾಕೆಟ್ ಮರೆಯಬೇಡಿ, ಹತ್ತು ಮೈಲಿ ಒಳಗೆ ಬಿಸಿಲಿದ್ದರೂ ದಂಡೆಯಲ್ಲಿ ಹಲ್ಲು ಕಟಕಟ ಅನ್ನುತ್ತದೆ.

ಹಾಗಾಗಿ ಸಂಜೆ ಮಾಡಬೇಕಾದ ಕೆಲಸ ಇಷ್ಟು. ಬರ್ಡ್‌ಕಾಸ್ಟ್‌ನ ಮುನ್ಸೂಚನೆ ನಕ್ಷೆಯಲ್ಲಿ ಓಹಾಯೊ ಮಾತ್ರವಲ್ಲ, ದಕ್ಷಿಣದ ಕೆಂಟಕಿ, ಇಂಡಿಯಾನಾ ನೋಡಿ. ಅಲ್ಲಿಂದ ಹೊರಟದ್ದೇ ಇಲ್ಲಿಗೆ ಬರುವುದು. ಆಮೇಲೆ ವಿಂಡಿಯಂಥ ಗಾಳಿಯ ಆ್ಯಪ್ ತೆರೆದು ಎತ್ತರವನ್ನು 925 ಹೆಕ್ಟೊಪ್ಯಾಸ್ಕಲ್‌ಗೆ ಬದಲಿಸಿ. ನೆಲದ ಗಾಳಿ ನೋಡಿದರೆ ಪ್ರಯೋಜನವಿಲ್ಲ. 925 ಎಂದರೆ ಸುಮಾರು 750 ಮೀಟರ್ ಮೇಲಿನ ಗಾಳಿ, ಹಕ್ಕಿ ಹಾರುವ ಪದರಕ್ಕೆ ಹತ್ತಿರ. ಟೊಲೆಡೊದ ಮೇಲೆ ಬೆರಳಿಟ್ಟು ರಾತ್ರಿ ಒಂಬತ್ತರಿಂದ ಬೆಳಗಿನ ಎಂಟರವರೆಗೆ ಗಂಟೆ ಗಂಟೆಗೆ ಸರಿಸುತ್ತ ಹೋಗಿ: ಗಾಳಿ ಯಾವಾಗ ತಿರುಗುತ್ತದೆ, ಮಳೆ ಯಾವಾಗ ಬರುತ್ತದೆ. ಒಂಬತ್ತು ಗಂಟೆಗೇ ತಿರುಗಿದರೆ ಹಕ್ಕಿಗಳು ದಕ್ಷಿಣದಲ್ಲೇ ಕೂತಿರುತ್ತವೆ. ಬೆಳಗ್ಗೆ ಎಂಟಕ್ಕೆ ತಿರುಗಿದರೆ ದಾಟಿ ಹೋಗಿರುತ್ತವೆ. ಒಂದರಿಂದ ಐದರ ನಡುವೆ ತಿರುಗಿದರೆ ಕಚೇರಿಗೆ ರಜೆ ಹಾಕುವುದು ವಾಸಿ.

ಸಂಖ್ಯೆಗಳ ವಿಷಯದಲ್ಲಿ ಎರಡು ಎಚ್ಚರ. ಡ್ಯಾಶ್‌ಬೋರ್ಡ್‌ನಲ್ಲಿ ‘ಈಗ ಹಾರುತ್ತಿರುವ ಹಕ್ಕಿ’ ಒಂದು ಲೆಕ್ಕ, ‘ರಾತ್ರಿಯಿಡೀ ದಾಟಿದ ಹಕ್ಕಿ’ ಇನ್ನೊಂದು. ಎರಡನೆಯದು ಸಹಜವಾಗಿಯೇ ಬಹಳ ದೊಡ್ಡದು. ವಾಟ್ಸಾಪ್ ಗುಂಪುಗಳಲ್ಲಿ ಇವೆರಡನ್ನು ಕಲಸಿ ಗಾಬರಿ ಹುಟ್ಟಿಸುವುದು ಸಾಮಾನ್ಯ. ಕೌಂಟಿ ದೊಡ್ಡದಾದಷ್ಟೂ ದಾಟಿದ ಸಂಖ್ಯೆ ದೊಡ್ಡದಾಗುತ್ತದೆ, ಆದ್ದರಿಂದ ಲೂಕಸ್ ಮತ್ತು ಒಟ್ಟಾವಾ ಕೌಂಟಿಗಳ ಅಂಕಿಯನ್ನು ಒಂದಕ್ಕೊಂದು ಹೋಲಿಸಿ ‘ಅಲ್ಲಿ ಹೆಚ್ಚು’ ಎನ್ನುವಂತಿಲ್ಲ. (ಮ್ಯಾಗಿ ಮಾರ್ಷ್ ಈ ಎರಡೂ ಕೌಂಟಿಗಳಿಗೆ ಹಂಚಿಹೋಗಿದೆ, ಹೋಲಿಸುವ ಆಸೆ ಬರುವುದು ಅದಕ್ಕೇ.) ಹೋಲಿಸಬೇಕಾದದ್ದು ಅದೇ ಕೌಂಟಿಯ ಆ ದಿನಾಂಕದ ಹಿಂದಿನ ವರ್ಷಗಳ ಸರಾಸರಿಯ ಜೊತೆ, ಅದನ್ನು ಪುಟವೇ ಗೆರೆ ಎಳೆದು ತೋರಿಸುತ್ತದೆ.

ಇನ್ನು ರಾಡಾರ್‌ನ ದೂರ. ಕ್ಲೀವ್‌ಲ್ಯಾಂಡ್ ವಿಮಾನ ನಿಲ್ದಾಣದ ರಾಡಾರ್‌ನಿಂದ ಮ್ಯಾಗಿಗೆ ಸುಮಾರು 110 ಕಿ.ಮೀ., ಮಿಶಿಗನ್‌ನ ವೈಟ್ ಲೇಕ್‌ನ ರಾಡಾರ್‌ನಿಂದ ಸುಮಾರು 120. ರಾಡಾರ್‌ನ ಅತಿ ಕೆಳಗಿನ ಕಿರಣ ಅರ್ಧ ಡಿಗ್ರಿ ಮೇಲೆ ನೋಡುತ್ತದೆ, ಭೂಮಿ ಬೇರೆ ಬಾಗುತ್ತದೆ. ಅಷ್ಟು ದೂರ ಬರುವ ಹೊತ್ತಿಗೆ ಕಿರಣದ ನಡುಭಾಗ ನೆಲದಿಂದ ಒಂದೂವರೆ ಕಿ.ಮೀ.ಗೂ ಮೇಲಿರುತ್ತದೆ. ಹಾಡುಹಕ್ಕಿಗಳ ದೊಡ್ಡ ಪಾಲು ಅದಕ್ಕಿಂತ ಬಹಳ ಕೆಳಗೆ ಹಾರುವುದು. ಹೀಗಾಗಿ ನಮ್ಮ ದಂಡೆ ಎರಡೂ ರಾಡಾರ್‌ಗಳ ಕಣ್ಣಂಚಿನಲ್ಲಿದೆ. ಕೌಂಟಿಯ ಅಂಕಿ ಎಣಿಕೆಯಲ್ಲ, ಅಂದಾಜು. ನೂರಿನ್ನೂರು ಹಕ್ಕಿಯ ವ್ಯತ್ಯಾಸಕ್ಕೆ ಅರ್ಥವೇ ಇಲ್ಲ, ಎರಡು ಪಟ್ಟು ಮೂರು ಪಟ್ಟಿನ ವ್ಯತ್ಯಾಸಕ್ಕೆ ಇದೆ. ಬೆಳಗಾಗುವಾಗ ಹಕ್ಕಿಗಳು ನೀರಿನಿಂದ ದಂಡೆಗೆ ತಗ್ಗಿ ಮರಳುವುದನ್ನಂತೂ ಈ ಕಿರಣ ಕಾಣಲಾರದು.

ಡ್ಯಾಶ್‌ಬೋರ್ಡ್‌ನ ಕೆಳಗೆ ‘ಈ ರಾತ್ರಿ ನಿರೀಕ್ಷಿತ ಹಕ್ಕಿಗಳು’ ಎಂದು ಚಿತ್ರಗಳ ಸಾಲು ಬರುತ್ತದೆ. ಅದು ರಾಡಾರ್ ಕಂಡದ್ದಲ್ಲ. ರಾಡಾರ್‌ಗೆ ಥ್ರಶ್ ಯಾವುದು, ವಾರ್ಬ್ಲರ್ ಯಾವುದು ಗೊತ್ತಾಗುವುದಿಲ್ಲ. ಹಕ್ಕಿ ನೋಡಿದವರು ತಮ್ಮ ಪಟ್ಟಿ ಏರಿಸುವ ಇಬರ್ಡ್ ಎಂಬ ತಾಣದಲ್ಲಿ ಜನ ದಾಖಲಿಸಿದ ಹಳೆಯ ಪಟ್ಟಿಗಳಿಂದ ತೆಗೆದದ್ದು ಅದು.

ಜಾತಿ ಬೇಕಾದವರು ನೇರ ಇಬರ್ಡ್‌ಗೇ ಹೋಗಬೇಕು. ಅಲ್ಲಿ ಹಾಟ್‌ಸ್ಪಾಟ್ (ಜನ ಹಕ್ಕಿ ನೋಡುವ ಜಾಗ) ಪುಟದ ಬಾರ್ ಚಾರ್ಟ್ ತಿಂಗಳನ್ನು ನಾಲ್ಕು ಭಾಗ ಮಾಡಿ ಯಾವ ಹಕ್ಕಿ ಯಾವ ವಾರ ಎಂದು ಹಸಿರು ಪಟ್ಟಿಯಲ್ಲಿ ತೋರಿಸುತ್ತದೆ. ಈ ದಂಡೆಯ ಲಯ ಸ್ಥೂಲವಾಗಿ ಹೀಗೆ: ಏಪ್ರಿಲ್ ಕೊನೆಗೆ ಯೆಲ್ಲೊ-ರಂಪ್ಡ್, ಪಾಮ್ ವಾರ್ಬ್ಲರ್‌ಗಳು, ಹರ್ಮಿಟ್ ಥ್ರಶ್, ರೂಬಿ-ಕ್ರೌನ್ಡ್ ಕಿಂಗ್ಲೆಟ್. ಮೇ 5ರಿಂದ 15ರ ನಡುವೆ ಮ್ಯಾಗ್ನೋಲಿಯಾ, ಚೆಸ್ಟ್‌ನಟ್-ಸೈಡೆಡ್, ಬ್ಲ್ಯಾಕ್‌ಬರ್ನಿಯನ್, ಕೇಪ್ ಮೇ, ಬೇ-ಬ್ರೆಸ್ಟೆಡ್, ಎಲ್ಲ ಒಟ್ಟಿಗೆ. ಆಮೇಲೆ ಬ್ಲ್ಯಾಕ್‌ಪೋಲ್, ಕೆನಡಾ, ವಿಲ್ಸನ್ಸ್, ಮೋರ್ನಿಂಗ್ ವಾರ್ಬ್ಲರ್ ಮತ್ತು ತಲೆಕೆಡಿಸುವ ಫ್ಲೈಕ್ಯಾಚರ್‌ಗಳು. ಗಂಡುಗಳು ಮೊದಲು, ಹೆಣ್ಣುಗಳು ಕೆಲವು ದಿನ ತಡವಾಗಿ. ಮೇ 20ರ ಮೇಲೆ ಹೋಗಿ ‘ಬಣ್ಣವೇ ಇಲ್ಲ’ ಎಂದು ಗೊಣಗುವವರಿಗೆ ಕಾಣುವುದು ಬಹುಪಾಲು ಹೆಣ್ಣುಗಳೇ. ಪ್ರೊಥೊನೊಟರಿ ವಾರ್ಬ್ಲರ್ ಮಾತ್ರ ಇಲ್ಲೇ ಪೊಟರೆಯಲ್ಲಿ ಗೂಡು ಮಾಡುವುದರಿಂದ ಅವಸರವಿಲ್ಲ.

ಇಬರ್ಡ್‌ನಲ್ಲಿ ಅಪರೂಪದ ಹಕ್ಕಿಯ ಗಂಟೆವಾರು ಮಿಂಚಂಚೆ ಹಾಕಿಸಿಕೊಳ್ಳಬಹುದು. ಮೇ ನಡುವಿನಲ್ಲಿ ಅದರಲ್ಲಿ ಬರಬಹುದಾದ ದೊಡ್ಡ ಹೆಸರು ಕರ್ಟ್‌ಲ್ಯಾಂಡ್ಸ್ ವಾರ್ಬ್ಲರ್. ಮಿಶಿಗನ್‌ನ ಜ್ಯಾಕ್ ಪೈನ್ ಕಾಡುಗಳಿಗೆ ಹೋಗುವ ದಾರಿಯಲ್ಲಿ ಒಂದೆರಡು ಇಲ್ಲಿ ತಂಗುತ್ತವೆ. 2019ರಲ್ಲಷ್ಟೇ ಅಳಿವಿನಂಚಿನ ಪಟ್ಟಿಯಿಂದ ಹೊರಬಂದ ಹಕ್ಕಿ. ಎಚ್ಚರವಿರಲಿ, ಒಂದೇ ಹಕ್ಕಿಯನ್ನು ನಲವತ್ತು ಮಂದಿ ನಲವತ್ತು ಪಟ್ಟಿಯಲ್ಲಿ ಬರೆದಿರುತ್ತಾರೆ. ಪಟ್ಟಿಗಳ ಸಂಖ್ಯೆ ಬಿಟ್ಟು ಕೊನೆಯದಾಗಿ ಕಂಡ ಹೊತ್ತು ನೋಡಿ. ‘ಇನ್ನೂ ಪರಿಶೀಲಿಸಿಲ್ಲ’ ಎಂಬ ಗುರುತಿದ್ದರೆ ಫೋಟೊ ಇದೆಯೇ ಎಂದು ತೆರೆದು ನೋಡದೆ ಓಡಬೇಡಿ.

ಹಕ್ಕಿ ಗುರುತಿಸುವ ಮರ್ಲಿನ್ ಆ್ಯಪ್ ಬಗ್ಗೆ ಎರಡು ಮಾತು. ಅದರ ಧ್ವನಿ ಗುರುತಿಸುವ ಸೌಲಭ್ಯ 2021ರಿಂದ ಇದೆ, ಉಚಿತ, ಪ್ರದೇಶದ ಪ್ಯಾಕ್ ಮನೆಯ ವೈಫೈನಲ್ಲೇ ಇಳಿಸಿಕೊಂಡರೆ ಸಿಗ್ನಲ್ ಇಲ್ಲದೆಯೂ ನಡೆಯುತ್ತದೆ. ವಯಸ್ಸಾದ ಕಿವಿಗೆ ಕೇಳದ ಕೇಪ್ ಮೇ, ಬ್ಲ್ಯಾಕ್‌ಪೋಲ್‌ಗಳ ತೀರಾ ಕೀರಲು ಸ್ವರವನ್ನೂ ಹಿಡಿಯುವುದು ಅದರ ದೊಡ್ಡ ಉಪಕಾರ. ತಪ್ಪುವುದು ಎಲ್ಲೆಂದರೆ, ಗ್ರೇ ಕ್ಯಾಟ್‌ಬರ್ಡ್ ಬೇರೆ ಹಕ್ಕಿಯ ದನಿ ಅಣಕಿಸಿದಾಗ. ಯೆಲ್ಲೊ, ಚೆಸ್ಟ್‌ನಟ್-ಸೈಡೆಡ್, ರೆಡ್‌ಸ್ಟಾರ್ಟ್‌ಗಳ ಹಾಡು ಒಂದರ ಹಾಗೆ ಒಂದು ಕೇಳಿದಾಗ. ಎಲ್ಲಕ್ಕಿಂತ ಹೆಚ್ಚಾಗಿ, ಪಕ್ಕದವರು ತಮ್ಮ ಫೋನಿನಲ್ಲಿ ಮಾದರಿ ಹಾಡು ಒತ್ತಿದಾಗ. ಒಂದು ಫೋನು ಹಾಡುತ್ತದೆ, ಇನ್ನೊಂದು ಫೋನು ಅದನ್ನು ಹಕ್ಕಿ ಎಂದು ಬರೆದುಕೊಳ್ಳುತ್ತದೆ, ಮೂರನೆಯವರು ಮರದ ಕಡೆ ಓಡುತ್ತಾರೆ. ಮಾದರಿ ಕೇಳಬೇಕೆಂದರೆ ಕಿವಿಗೆ ಇಯರ್‌ಫೋನ್ ಹಾಕಿಕೊಳ್ಳಿ. ಪರದೆಯಲ್ಲಿ ಹೆಸರು ಮೂಡಿದ ಮಾತ್ರಕ್ಕೆ ಇಬರ್ಡ್ ಪಟ್ಟಿಗೆ ಏರಿಸುವುದೂ ಬೇಡ. ಹೆಸರು ಮತ್ತೆ ಮತ್ತೆ ಬೆಳಗುತ್ತಿದ್ದರೆ ಆ ದಿಕ್ಕಿಗೆ ದುರ್ಬೀನು ಎತ್ತಿ ಹುಡುಕಿ. ಅಂದಹಾಗೆ, ಚಳಿಗಾಲದಲ್ಲಿ ಕರ್ನಾಟಕದ ತೋಟಗಳಿಗೆ ಬರುವ ಗ್ರೀನಿಶ್ ವಾರ್ಬ್ಲರ್‌ಗೂ ಇಲ್ಲಿಯ ವಾರ್ಬ್ಲರ್‌ಗಳಿಗೂ ಹೆಸರಿನದಷ್ಟೇ ನಂಟು, ಕುಟುಂಬವೇ ಬೇರೆ. ರಜೆಗೆ ಊರಿಗೆ ಹೋದಾಗ ಭಾರತದ ಪ್ಯಾಕ್ ಹಾಕಿಕೊಳ್ಳಿ, ಇಬರ್ಡ್ ಖಾತೆ ಅದೇ ನಡೆಯುತ್ತದೆ. ಬರ್ಡ್‌ಕಾಸ್ಟ್ ಮಾತ್ರ ಅಲ್ಲಿಲ್ಲ.

ಬೋರ್ಡ್‌ವಾಕ್‌ಗೆ ಪ್ರವೇಶ ಶುಲ್ಕವಿಲ್ಲ. ಮೇ ಮೊದಲೆರಡು ವಾರ, 2010ರಿಂದ ನಡೆಯುತ್ತಿರುವ ಹತ್ತು ದಿನಗಳ ‘ಬಿಗ್ಗೆಸ್ಟ್ ವೀಕ್’ ಹಕ್ಕಿ ಉತ್ಸವದ ಹೊತ್ತಿನಲ್ಲಿ, ವಾರಾಂತ್ಯದ ಬೆಳಗ್ಗೆ ದೊಡ್ಡ ಪಾರ್ಕಿಂಗ್ ಜಾಗವೂ ತುಂಬುತ್ತದೆ, ಹಾದಿಯ ಮೇಲೆ ಭುಜಕ್ಕೆ ಭುಜ ತಾಗುತ್ತದೆ. ವಾರದ ದಿನ ಬನ್ನಿ. ಅದಾಗದಿದ್ದರೆ ಮಧ್ಯಾಹ್ನ ಮೂರರ ಮೇಲೆ ಬನ್ನಿ. ಹಸಿದ ಹಕ್ಕಿಗಳು ದಿನವಿಡೀ ತಿನ್ನುತ್ತವೆ, ಬೆಳಗಿನ ಜನ ಊಟಕ್ಕೆ ಹೋಗಿರುತ್ತಾರೆ. ದುರ್ಬೀನು 8x42 ಸಾಕು, ಆದರೆ ಎರಡು ಮೀಟರ್‌ಗಿಂತ ಹತ್ತಿರದ್ದನ್ನೂ ಫೋಕಸ್ ಮಾಡುವಂಥದ್ದು ಬೇಕು. ಕ್ಯಾಮೆರಾದವರು 600 ಮಿ.ಮೀ. ಪ್ರೈಮ್ ಲೆನ್ಸ್ ಹೊತ್ತು ತಂದು, ಎರಡು ಮೀಟರ್ ದೂರದ ಹಕ್ಕಿ ಫೋಕಸ್ ಆಗದೆ ಹಿಂದೆ ಹಿಂದೆ ಸರಿದು ಹಿಂದಿನವರ ಕಾಲು ತುಳಿಯುತ್ತಾರೆ. 100-400 ಜೂಮ್ ಇಲ್ಲಿಗೆ ಹೆಚ್ಚು ಒಗ್ಗುತ್ತದೆ. ಮೂರುಕಾಲಿನ ಸ್ಟ್ಯಾಂಡ್ ಕಾರಿನಲ್ಲೇ ಇರಲಿ.

ಊರಿಂದ ಬಂದ ಅಪ್ಪ-ಅಮ್ಮನನ್ನು ಕರೆದುಕೊಂಡು ಹೋಗಲು ಇಷ್ಟು ಸಲೀಸಾದ ಕಾಡು ಇನ್ನೊಂದಿಲ್ಲ: ಹಾದಿ ಸಮತಟ್ಟು, ಎರಡೂ ಬದಿ ಕಟಕಟೆ, ಅಲ್ಲಲ್ಲಿ ಬೆಂಚು, ಗಾಲಿಕುರ್ಚಿಯೂ ಹೋಗುತ್ತದೆ. ಹಾದಿಯ ಮೇಲೆ ತಿಂಡಿ ಸಿಗುವುದಿಲ್ಲ, ಚಿತ್ರಾನ್ನದ ಡಬ್ಬಿ ಕಾರಿನಲ್ಲಿರಲಿ. ಮುಖಕ್ಕೆ ಮುತ್ತುವ ಮಿಡ್ಜ್ ಹುಳುಗಳು ಕಚ್ಚುವುದಿಲ್ಲ. ಹುಲ್ಲಿಗಿಳಿದರೆ ಹತ್ತುವ ಉಣ್ಣೆ ಕಚ್ಚುತ್ತದೆ, ಮನೆಗೆ ಬಂದು ಮೊಣಕಾಲ ಹಿಂದೆ ನೋಡಿಕೊಳ್ಳಿ.

ಬರ್ಡ್‌ಕಾಸ್ಟ್ ಪೂರಾ ಕುರುಡಾಗಿರುವ ಕಡೆಗಳೂ ಇವೆ. ಹಗಲು ಹಾರುವವು ಅದರ ಲೆಕ್ಕಕ್ಕೇ ಬರುವುದಿಲ್ಲ. ವಸಂತದಲ್ಲಿ ಗಿಡುಗಗಳು ನೀರಿನ ಮೇಲೆ ಹೋಗಲೊಲ್ಲದೆ ದಂಡೆ ಹಿಡಿದು ಸಾಗುವುದು, ಮೇ ಮೊದಲ ವಾರದ ಬ್ಲೂ ಜೇಗಳ ಸಾಲು, ಸ್ವಾಲೋಗಳು, ಇವಕ್ಕೆಲ್ಲ ಬರಿಗಣ್ಣು ಮತ್ತು ದಕ್ಷಿಣದ ಗಾಳಿಯ ಹಗಲೇ ಗತಿ. ಮಾರ್ಚ್‌ನಲ್ಲಿ ಒಟ್ಟಾವಾ ಅಭಯಾರಣ್ಯದ ಟಂಡ್ರಾ ಹಂಸ, ಬಾತುಗಳಿಗೆ ಹೋಗುವವರು ಇದನ್ನು ತೆರೆಯುವ ಅಗತ್ಯವೇ ಇಲ್ಲ, ಹಿಮ ಕರಗಿದೆಯೇ ಎಂದು ನೋಡಿದರೆ ಸಾಕು.

ದುರ್ಬೀನು ಹಿಡಿಯದವರಿಗೂ ಉಪಯೋಗವಾಗುವುದು ಅದರ ಸ್ಥಳೀಯ ಎಚ್ಚರಿಕೆಯ ಪುಟ. ನಿಮ್ಮ ಊರ ಮೇಲೆ ಇಂದು ರಾತ್ರಿ ಹಾರಾಟ ಹೆಚ್ಚೋ ಕಡಿಮೆಯೋ ಎಂದು ಒಂದೇ ಪದದಲ್ಲಿ ಹೇಳುತ್ತದೆ. ಹೆಚ್ಚಿದ್ದರೆ ರಾತ್ರಿ ಹನ್ನೊಂದರಿಂದ ಬೆಳಗಿನ ಆರರವರೆಗೆ ಹೊರಗಿನ ದೀಪ ಆರಿಸಿ, ಪರದೆ ಎಳೆಯಿರಿ. 2023ರ ಅಕ್ಟೋಬರ್ 5ರಂದು, ಮಿಶಿಗನ್ ಸರೋವರದ ದಂಡೆಯಲ್ಲಿರುವ ಷಿಕಾಗೊದ ಮೆಕಾರ್ಮಿಕ್ ಪ್ಲೇಸ್ ಎಂಬ ಒಂದೇ ಕಟ್ಟಡದ ಗಾಜಿಗೆ ಬಡಿದು ಹತ್ತಿರ ಹತ್ತಿರ ಸಾವಿರ ಹಕ್ಕಿಗಳು ಸತ್ತವು.

ವಸಂತದ ಡ್ಯಾಶ್‌ಬೋರ್ಡ್ ನಡೆಯುವುದು ಮಾರ್ಚ್ 1ರಿಂದ ಜೂನ್ 15ರವರೆಗೆ, ಶರತ್ಕಾಲದ್ದು ಆಗಸ್ಟ್ 1ರಿಂದ ನವೆಂಬರ್ 15ರವರೆಗೆ. ಜೂನ್‌ನಲ್ಲಿ ಸಂಜೆ ಹೊತ್ತು ಮಾಮೂಲಿ ಹವಾಮಾನ ರಾಡಾರ್‌ನಲ್ಲಿ ಸರೋವರದ ಪಶ್ಚಿಮ ಭಾಗದಿಂದ ದೊಡ್ಡ ಮೋಡದಂಥದ್ದು ಎದ್ದು ದಂಡೆಗೆ ಹಬ್ಬುವುದು ಕಂಡು ‘ಇಷ್ಟು ತಡವಾಗಿ ಹಕ್ಕಿಗಳೇ?’ ಎಂದು ಕೇಳುವವರು ಪ್ರತಿ ವರ್ಷ ಇರುತ್ತಾರೆ. ಹಕ್ಕಿಯಲ್ಲ, ನೀರಿನಿಂದೇಳುವ ಮೇಫ್ಲೈ ಹುಳು. ಆ ವಾರ ದಂಡೆಯ ಕಡೆ ಹೋದರೆ ಕಾರಿನ ಗಾಜು ಒರೆಸಲು ಬಟ್ಟೆ ಇಟ್ಟುಕೊಂಡಿರಿ.